ನೀಲಿ ಸ್ಪಂಜನ್ನು ಕೊನೆಗೂ ಉಳಿಸಿಕೊಂಡೆ

"ಸ್ಪಂಜು ಮೂರು ತಿಂಗಳ ಮೇಲೆ ಬಾಳಲ್ಲ ಮಾರಾಯ, ಆ ದುಡ್ಡಿಗೆ ಹವಳ ತಗೋ" ಎಂದಿದ್ದರು ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟ ಸಿಂಗಪುರದ ಗೆಳೆಯರು. ನನ್ನ ತೊಟ್ಟಿಯ ನೀಲಿ ಹ್ಯಾಲಿಕ್ಲೋನಾಕ್ಕೆ, ಅಂದರೆ ಕಡಲಿನ ಜೀವಂತ ಸ್ಪಂಜಿಗೆ, ಎರಡು ವರ್ಷ ದಾಟಿತು. ಹೆಬ್ಬೆರಳಿನಷ್ಟಿದ್ದದ್ದು ಈಗ ಅಂಗೈ ಅಗಲ.

ಅದಕ್ಕೂ ಮುಂಚೆ ಮೂರನ್ನು ಕೊಂದಿದ್ದೇನೆ. ನೂರೈವತ್ತು ಡಾಲರ್ ಹತ್ತಿರ ನೀರುಪಾಲು. ಮೊದಲನೆಯದನ್ನು ಅಂಗಡಿ ಹುಡುಗ ನೀರಿನಿಂದ ಎತ್ತಿ, ಕೊಡವಿ ಕವರಿಗೆ ಹಾಕಿದ. ಒಳಗಿನ ಕಾಲುವೆಗಳಲ್ಲಿ ಗಾಳಿ ಸಿಕ್ಕಿಕೊಂಡಿತು; ನಾಲ್ಕೇ ದಿನಕ್ಕೆ ತುದಿ ಬೆಳ್ಳಗಾಗಿ ಲೋಳೆ ಬಿಟ್ಟಿತು. ಎರಡನೆಯದನ್ನು ದೀಪದ ನೇರ ಕೆಳಗಿಟ್ಟೆ, ಪಾಚಿ ಹತ್ತಿ ರಂಧ್ರ ಮುಚ್ಚಿತು. ಮೂರನೆಯದು ಹಸಿವಿನಿಂದಲೇ ಹೋಯಿತು. ನೀರು ಗಾಜಿನಂತಿದೆ ಎಂದು ನಾನು ಬೀಗುತ್ತಿದ್ದೆ. ಸ್ಪಂಜಿಗೆ ಆಹಾರವಾದ ಬ್ಯಾಕ್ಟೀರಿಯ, ಕರಗಿದ ಸಾವಯವ ಪದಾರ್ಥವನ್ನೆಲ್ಲ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ), ಸೋಸುವ ಇದ್ದಿಲು ಸೇರಿ ಎಳೆದುಹಾಕುತ್ತಿದ್ದವು.

ಸತ್ತದ್ದರ ಚೂರನ್ನು ಬ್ಲೀಚಿನಲ್ಲಿ ನೆನೆಸಿ ಮಗಳ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮೈಯೆಲ್ಲ ಕರಗಿ, ಎರಡೂ ತುದಿ ಚೂಪಾದ ಸಿಲಿಕದ ಸೂಜಿಗಳಷ್ಟೇ ಉಳಿದಿದ್ದವು. ನೀರು ಶುದ್ಧ ಮಾಡುವ ಆರ್‌ಓ ಡಿಐ ಫಿಲ್ಟರ್ ಇಟ್ಟು ಸಿಲಿಕೇಟ್ (ನೀರಿನಲ್ಲಿ ಕರಗಿದ ಸಿಲಿಕ) ಸೊನ್ನೆ ಮಾಡಿದರೆ ಇದಕ್ಕೆ ಎಲುಬು ಎಲ್ಲಿಂದ ಬರಬೇಕು? ಈಗ ಒಂದಿಷ್ಟು ಹಾಕುತ್ತೇನೆ. ಎಷ್ಟು ಅಂತ ಮಾತ್ರ ಕೇಳಬೇಡಿ. ಹೆಚ್ಚಾದರೆ ಗಾಜೆಲ್ಲ ಕಂದು ಪಾಚಿ ಹಿಡಿಯುತ್ತೆ, ಅಷ್ಟು ಹೇಳಬಲ್ಲೆ.

ಈಗಿನದಕ್ಕೆ ಬಂಡೆಯ ಅಡಿ ನೆರಳು, ಪಂಪಿನ ಅಡ್ಡ ಹರಿವು. ಸಂಜೆ ಹೊತ್ತು ನಾಲ್ಕು ತಾಸು ಸ್ಕಿಮ್ಮರ್ ಬಂದ್, ಮೂವತ್ತು ಎಂಎಲ್ ನ್ಯಾನೊಕ್ಲೊರಾಪ್ಸಿಸ್ ಎಂಬ ಸೂಕ್ಷ್ಮ ಪಾಚಿ. ಬಾಟಲಿಗೆ ಇಪ್ಪತ್ತು ಡಾಲರ್ ತೆರುವುದು ಬಿಟ್ಟು, ಸೋಡಾ ಬಾಟಲಿಯಲ್ಲಿ ನಾನೇ ಬೆಳೆಸಿಕೊಳ್ಳುತ್ತೇನೆ. ಆ ಹಸಿರು ನೀರನ್ನು ಪಿಪೆಟ್ಟಿನಿಂದ ಸ್ಪಂಜು ನೀರು ಹೊರಬಿಡುವ ಮೇಲಿನ ದೊಡ್ಡ ಬಾಯಿಯ ಬಳಿ ಬಿಟ್ಟರೆ ಬುಸ್ ಅಂತ ಮೇಲಕ್ಕೆ ಚಿಮ್ಮಬೇಕು. ಅಲ್ಲೇ ತೇಲುತ್ತ ನಿಂತರೆ ಸ್ಪಂಜಿಗೆ ಹುಷಾರಿಲ್ಲ ಅಂತಲೇ ಲೆಕ್ಕ.

1907ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಲ್ಸನ್ ಸ್ಪಂಜನ್ನು ಬಟ್ಟೆಯಲ್ಲಿ ಹಿಂಡಿ, ಬಿಡಿಬಿಡಿಯಾದ ಜೀವಕೋಶಗಳು ಮತ್ತೆ ಕೂಡಿಕೊಂಡು ಸ್ಪಂಜಾಗುವುದನ್ನು ತೋರಿಸಿದ್ದರಲ್ಲ, ನಾನೂ ಒಂದು ಚೂರನ್ನು ಕಾಫಿ ಸೋಸುವ ಬಟ್ಟೆಯಲ್ಲಿ ಹಿಂಡಿದೆ. ಮರುದಿನ ಬಟ್ಟಲ ತಳದಲ್ಲಿ ರಾಗಿಗಿಂತ ಸಣ್ಣ ನೀಲಿ ಉಂಡೆಗಳು! ಮೂರನೇ ದಿನ ಬಟ್ಟಲು ಗಬ್ಬು ನಾರಿತು. ಬಟ್ಟೆಯ ವಿಷಯಕ್ಕೆ ಮನೆಯವಳಿಂದ ಬೈಸಿಕೊಂಡದ್ದು ಬೇರೆ.

ಬ್ಲೇಡಿನಿಂದ ಕತ್ತರಿಸುವುದೇ ವಾಸಿ, ಅದೂ ನೀರೊಳಗೇ. ಹೋದ ತಿಂಗಳು ಐದು ತುಂಡು ಮಾಡಿದೆ, ನಾಲ್ಕು ಬಂಡೆ ಕಚ್ಚಿವೆ. ಐದನೆಯದನ್ನು "ಬಾಳಲ್ಲ" ಎಂದಿದ್ದ ಗೆಳೆಯನಿಗೇ ಕೊಟ್ಟೆ. ಮನೆಗೆ ಹೋಗಿ ಕವರಿನಿಂದ ತೆಗೆದು, ಕೈಯಲ್ಲಿ ಹಿಡಿದು ಹೆಂಡತಿಗೆ ತೋರಿಸಿದನಂತೆ.