ಬೆಟ್ಟ, ಗದ್ದೆ, ಗಣಿ ಸೀಮೆಯಲ್ಲಿ ಕ್ಯಾಮೆರಾ ಡ್ರೋನ್: ಕಾನೂನು ಪಾಲಿಸುವ ನನ್ನ ಕ್ರಮ

ಡ್ರೋನ್ ಹಾರಿಸುವವನಿಗೆ ಮೊದಲು ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳಲ್ಲಿ ಎಲ್ಲಾ ತೂಕದ ಮೇಲೆಯೇ ನಿಂತಿದೆ: 250 ಗ್ರಾಂವರೆಗೆ ನ್ಯಾನೋ, ಅದರಾಚೆ 2 ಕೆ.ಜಿ.ವರೆಗೆ ಮೈಕ್ರೋ. ಡಬ್ಬಿಯ ಮೇಲೆ 249 ಗ್ರಾಂ ಎಂದಿದ್ದರೆ ಸಾಲದು, ಹಾರುವಾಗಿನ ಒಟ್ಟು ತೂಕವೇ ಲೆಕ್ಕ. ಪ್ರೊಪೆಲ್ಲರ್ ಗಾರ್ಡ್ ಹಾಕಿದರೆ, ದೊಡ್ಡ ಬ್ಯಾಟರಿ ಕೂರಿಸಿದರೆ ಅದೇ ಯಂತ್ರ ಮೈಕ್ರೋ ಆಗಿಬಿಡುತ್ತದೆ. ಬ್ಯಾಟರಿ, ಕಾರ್ಡ್, ಫಿಲ್ಟರ್ ಎಲ್ಲಾ ಹಾಕಿಯೇ ತೂಗುತ್ತೇನೆ.

ನ್ಯಾನೋಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಡ್ರೋನ್‌ಗೆ ಸಿಗುವ ಸರ್ಕಾರಿ ಮಾನ್ಯತೆ), ಪೈಲಟ್ ಪ್ರಮಾಣಪತ್ರ, ಥರ್ಡ್ ಪಾರ್ಟಿ ವಿಮೆ ಮೂರೂ ಬೇಡ. ಹಾಗಂತ ನೋಂದಣಿಯೂ ಬೇಡ ಎಂದುಕೊಂಡವರು ಬಹಳ ಜನ, ಅದು ತಪ್ಪು. ಮೈಕ್ರೋವನ್ನು ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ, ಆದರೆ ಮಾದರಿಗೆ ಟೈಪ್ ಸರ್ಟಿಫಿಕೇಟ್, ವಿಮೆ ಎರಡೂ ಬೇಕು. ಅದೇ ಮೈಕ್ರೋ ಹಿಡಿದು ಮದುವೆಗೆ ಹೋಗಿ ದುಡ್ಡು ತಗೊಂಡರೆ ವಾಣಿಜ್ಯ ಬಳಕೆ. ಆಗ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ವಯಸ್ಸು 18ರಿಂದ 65, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು.

ನೋಂದಣಿಗೆ ಡಿ-2 ಅರ್ಜಿ, ಶುಲ್ಕ 100 ರೂಪಾಯಿ. ಡ್ರೋನ್, ಅದರೊಳಗೆ ಹಾರಾಟ ನಿಯಂತ್ರಿಸುವ ಫ್ಲೈಟ್ ಕಂಟ್ರೋಲರ್, ರಿಮೋಟ್, ಮೂರರ ಸೀರಿಯಲ್ ನಂಬರನ್ನೂ ಒಂದು ಗುರುತಿನ ಸಂಖ್ಯೆಗೆ ಕಟ್ಟುತ್ತಾರೆ. ಹಾಗಾಗಿ ರಿಮೋಟ್ ಕೆಟ್ಟು ಬೇರೆ ತಂದರೆ ಸರ್ಕಾರದ ಡ್ರೋನ್ ಪೋರ್ಟಲ್‌ನಲ್ಲೂ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾರುವವರ ಹೆಸರಿನಿಂದ ಡಿ-3 ಮೂಲಕ ವರ್ಗಾವಣೆ ಆದ ಮೇಲೆಯೇ ಪೂರ್ತಿ ಹಣ ಕೊಡಿ. ದುಬೈಯಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಬಿಡಿ: 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧವಿದೆ, ಕಸ್ಟಮ್ಸ್‌ನವರು ಹಿಡಿಯುತ್ತಾರೆ.

ಕಾಗದದ ಕೆಲಸ ಒಮ್ಮೆ ಮುಗಿದರೆ ಮುಗಿಯಿತು. ಜಾಗದ್ದು ಮಾತ್ರ ಪ್ರತಿ ಸಲದ ಕೆಲಸ. ಎಲ್ಲಿ ಹಾರಿಸಬಹುದೆಂದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಹೊರಡುವ ದಿನ ಬೆಳಿಗ್ಗೆಯೇ ತೆರೆಯುತ್ತೇನೆ. ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಅನುಮತಿ ಬೇಡ. ತೋರಣಗಲ್ಲಿನ ವಿಮಾನ ನಿಲ್ದಾಣದಂಥ ಕಡೆ ಅಂತರ ಅಳೆಯುವುದು ರನ್‌ವೇಯಿಂದಲ್ಲ, ನಿಲ್ದಾಣದ ಗಡಿಯಿಂದ. 8ರಿಂದ 12 ಕಿ.ಮೀ. ನಡುವೆ 60 ಮೀಟರ್ ಮಾತ್ರ ಹಸಿರು, ಮೇಲಿನದು ಹಳದಿ. ಹಳದಿಗೆ ವಾಯು ಸಂಚಾರ ನಿಯಂತ್ರಣದ ಅನುಮತಿ, ಕೆಂಪಿಗೆ ಕೇಂದ್ರ ಸರ್ಕಾರದ್ದೇ ಅನುಮತಿ.

ನಮ್ಮ ಕಡೆಯವರು ಎಡವುವುದು ಎತ್ತರದ ಲೆಕ್ಕದಲ್ಲಿ. ಪರದೆ ತೋರಿಸುವ ಎತ್ತರ ಡ್ರೋನ್ ಮೇಲೆದ್ದ ಜಾಗದಿಂದ. ಕಾನೂನಿನ 120 ಮೀಟರ್ ಡ್ರೋನ್ ಕೆಳಗಿನ ನೆಲದಿಂದ. ಆನೆಗೊಂದಿ ಕಡೆಯ 60 ಮೀಟರ್ ಗುಡ್ಡವೊಂದರ ನೆತ್ತಿಯಿಂದ ಎಬ್ಬಿಸಿ ಭತ್ತದ ಗದ್ದೆಯ ಮೇಲೆ ಒಯ್ದಿರಿ ಅನ್ನಿ. ಪರದೆ 120 ಅಂದರೆ ನೀವು 180ರಲ್ಲಿದ್ದೀರಿ, ಹಳದಿ ವಲಯದಲ್ಲಿ. ಹಾಗಾಗಿ ಗುಡ್ಡದ ಎತ್ತರ ಕಳೆದು ಆ್ಯಪ್‌ನಲ್ಲಿ ಗರಿಷ್ಠ ಮಿತಿಯನ್ನು 60ಕ್ಕೇ ಕಟ್ಟುತ್ತೇನೆ. ಬುಡದಿಂದ ಎಬ್ಬಿಸಿದರೆ ತಾನಾಗಿ ಮರಳುವ ಎತ್ತರವನ್ನು ಬಂಡೆಯ ತುದಿಗಿಂತ 20 ಮೀಟರಾದರೂ ಮೇಲಿಡಬೇಕು. ಇಲ್ಲದಿದ್ದರೆ ಸಿಗ್ನಲ್ ತಪ್ಪಿದಾಗ ನೆಟ್ಟಗೆ ಬಂದು ಕಲ್ಲಿಗೆ ಬಡಿಯುತ್ತದೆ.

ಸಂಡೂರಿನ ಕಬ್ಬಿಣದ ಅದಿರು ನೆಲದಲ್ಲಿ ಡ್ರೋನಿನ ಕಂಪಾಸ್ ತಕರಾರು ತೆಗೆಯುವುದುಂಟು. ಅಲ್ಲೇ ನಿಂತು ಕ್ಯಾಲಿಬ್ರೇಟ್ (ದಿಕ್ಕು ಮತ್ತೆ ಸರಿಹೊಂದಿಸುವುದು) ಮಾಡಬೇಡಿ, ತಪ್ಪು ದಿಕ್ಕನ್ನೇ ಕಲಿಸಿದಂತಾಗುತ್ತದೆ. ಜಾಗ ಬಿಟ್ಟು ದೂರ ಹೋಗಿ. ಡ್ರೋನ್ ಎಬ್ಬಿಸಲು ಕಾರಿನ ಬಾನೆಟ್ಟೂ ಬೇಡ, ಪ್ಲಾಸ್ಟಿಕ್ ಕುರ್ಚಿ ಸಾಕು.

ನಕ್ಷೆ ಹಸಿರಿದ್ದರೂ ನೆಲದ ಒಡೆಯರು ಬೇರೆ. ಬಳ್ಳಾರಿ ಕೋಟೆ, ಹಂಪಿಯ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ದರೋಜಿ ಕರಡಿಧಾಮಕ್ಕೆ ಅರಣ್ಯ ಇಲಾಖೆಯದು. ತುಂಗಭದ್ರಾ ಅಣೆಕಟ್ಟು, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ನಾನು ಡ್ರೋನ್ ಚೀಲವನ್ನೇ ಒಯ್ಯುವುದಿಲ್ಲ.

ಜಾತ್ರೆ, ಉತ್ಸವಗಳದ್ದು ಮತ್ತೊಂದು ಕಥೆ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ನಿನ್ನೆ ಹಸಿರಿದ್ದದ್ದು ಕೊಪ್ಪಳದ ಗವಿಮಠದ ತೇರಿನ ದಿನ ಕೆಂಪಾಗಿರಬಹುದು. ಹಸಿರು ವಲಯಕ್ಕೆ ಠಾಣೆಯ ಅನುಮತಿ ಬೇಕೆಂದು ನಿಯಮದಲ್ಲಿಲ್ಲ. ಆದರೂ ಗುರುತಿನ ಸಂಖ್ಯೆ, ತೂಕ, ಜಾಗ, ಹೊತ್ತು, ಫೋನ್ ನಂಬರ್ ಬರೆದ ಅರ್ಧ ಪುಟದ ಕನ್ನಡ ಅರ್ಜಿ ಎರಡು ಪ್ರತಿ ಮಾಡಿ, ಒಂದನ್ನು ಠಾಣೆಗೆ ಕೊಟ್ಟು, ಇನ್ನೊಂದಕ್ಕೆ ಸೀಲು ಹಾಕಿಸಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಬೀಟ್ ಪೊಲೀಸಪ್ಪ ಬಂದು ಕೇಳಿದಾಗ ನಿಯಮದ ಪುಸ್ತಕಕ್ಕಿಂತ ಆ ಸೀಲೇ ಬೇಗ ಕೆಲಸ ಮಾಡುತ್ತದೆ.

ಅಪಘಾತವಾದರೆ 48 ಗಂಟೆಯೊಳಗೆ ಪೋರ್ಟಲ್‌ನಲ್ಲಿ ವರದಿ ಹಾಕಬೇಕು. ಹಾರಾಟದ ಲಾಗ್ ಅಳಿಸಬೇಡಿ, ಎತ್ತರ ಎಷ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ. ನಿಯಮ ಮೀರಿದ್ದಕ್ಕೆ ದಂಡ 1 ಲಕ್ಷ ರೂಪಾಯಿವರೆಗೂ ಬೀಳಬಹುದು.