ಅಪ್ರೆಂಟಿಸ್‌ಗಳೇ, ತಾರತಮ್ಯದ ಬಗ್ಗೆ ಕಂಪ್ಲೇಂಟ್ ಕೊಡೋ ಮುಂಚೆ ಇದನ್ನ ಓದಿ

"ನೀನಿನ್ನೂ ಕಲಿಯೋಳು, ನಿಂದೇನು ಕಂಪ್ಲೇಂಟು" ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ನಂಬ್ಬೇಡಿ. ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನೋ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ ಒಡಂಬಡಿಕೆ ವೃತ್ತಿ ತರಬೇತಿಗೂ ಅನ್ವಯಿಸತ್ತೆ, ಕೆಲಸದಲ್ಲಿನ ಕಿರುಕುಳದ ಬಗ್ಗೆ ಅದೇ ಸಂಘಟನೆ 2019ರಲ್ಲಿ ಮಾಡಿದ ಒಡಂಬಡಿಕೇಲಂತೂ ಅಪ್ರೆಂಟಿಸ್ ಅಂತ ಹೆಸರು ಹಿಡಿದೇ ಬರ್ದಿದಾರೆ.

ಎಲ್ಲಕ್ಕಿಂತ ಮುಖ್ಯ, ಆದದ್ದನ್ನ ಅವತ್ತೇ ಬರ್ದಿಡಿ. "ಸೂಪರ್‌ವೈಸರ್ ನನ್ನನ್ನ ಕೀಳಾಗಿ ನೋಡ್ತಾರೆ" ಅಂತ ಬರೆದ್ರೆ ಯಾರ್ಗೂ ಏನೂ ಗೊತ್ತಾಗಲ್ಲ. "ಮಂಗಳವಾರ ಹತ್ತೂವರೆಗೆ ಬ್ಯಾಚಿನ ಐದು ಹುಡುಗ್ರಿಗೂ ಲೇತ್ ಮೇಲೆ ಕೆಲಸ ಕೊಟ್ರು, ನಂಗೆ ಮಾತ್ರ ಪೊರಕೆ ಕೊಟ್ಟು ಹೆಣ್ಮಕ್ಳಿಗೆ ಇದಾಗಲ್ಲ ಅಂದ್ರು, ಪಕ್ಕದಲ್ಲಿ ಇಂಥೋರಿದ್ರು" ಅಂತ ಬರೀರಿ, ನಿಮ್ ಜೊತೆಯೋರಿಗೆ ಸಿಕ್ಕಿದ್ದು ನಿಮಗೆ ಯಾಕೆ ಸಿಗ್ಲಿಲ್ಲ ಅನ್ನೋದೇ ಇಲ್ಲಿ ನಿಜವಾದ ಸಾಕ್ಷಿ. ನಿಮ್ಮ ಲಾಗ್‌ಬುಕ್ಕಲ್ಲಿ, ಅಂದ್ರೆ ಮಾಡಿದ ಕೆಲಸ ಬರೆಯೋ ಪುಸ್ತಕದಲ್ಲಿ, ಸೂಪರ್‌ವೈಸರ್ ಸಹಿ ಹಾಕದೇ ಬಿಟ್ಟ ಪುಟಗಳಿದ್ರೆ ಫೋಟೋ ತೆಗೆದು ಮನೇಲಿ ಇಟ್ಕೊಳ್ಳಿ, ಆಫೀಸ್ ಮೇಲ್‌ನಲ್ಲಿ ಬೇಡ, ಅದು ಯಾವಾಗ ಬೇಕಾದ್ರೂ ಬಂದ್ ಆಗತ್ತೆ.

ಕಂಪ್ಲೇಂಟು ಬರವಣಿಗೇಲೇ ಕೊಡಿ, ಒಂದು ಕಾಪಿ ಮೇಲೆ ತಾರೀಖು ಹಾಕಿಸಿ ಸಹಿ ತಗೊಳ್ಳಿ. ಕಂಪನಿಗೆ ಮಾತ್ರ ಅಲ್ಲ, ನಿಮ್ಮನ್ನ ಕಳ್ಸಿದ ತರಬೇತಿ ಸಂಸ್ಥೆಗೂ ತಿಳಿಸಿ, ಯೂನಿಯನ್ ಇದ್ರೆ ಅವ್ರನ್ನೂ ಕೇಳಿ.

ಇನ್ನೊಂದು, ಟ್ರೈನಿಂಗ್ ಮುಗೀಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ, ಸುಮಾರು ಕಡೆ ದೂರು ಕೊಡೋಕೆ ಗಡುವು ಕೆಲವೇ ತಿಂಗಳು ಇರತ್ತೆ. ದೂರು ಕೊಟ್ಮೇಲೆ ಶಿಫ್ಟ್ ಬದಲಾಯ್ಸಿದ್ರೆ, ಮಾರ್ಕ್ಸ್ ಕಡಿಮೆ ಮಾಡಿದ್ರೆ ಅದನ್ನೂ ಬರ್ದಿಡಿ. ರಾಜೀನಾಮೆ ಪತ್ರ ಮುಂದಿಟ್ರೆ ಅಲ್ಲೇ ಸಹಿ ಹಾಕ್ಬೇಡಿ, ಓದ್ಕೊಂಡು ನಾಳೆ ಹೇಳ್ತೀನಿ ಅನ್ನಿ.