ಕಣ್ಣಿನ ಒತ್ತಡ ಇಳಿಸುವ ಅಸೆಟಜೋಲಮೈಡ್: ನೇತ್ರವೈದ್ಯನಾಗಿ ನನ್ನ ಅನುಭವ

ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿಯುವಂತೆ ನೋಯುತ್ತ, ವಾಂತಿ ಮಾಡಿಕೊಂಡು ನನ್ನ ಬಳಿ ಬರುವವರಲ್ಲಿ ಹಲವರು ಪಿತ್ತ ಕೆರಳಿದೆಯೆಂದು ತಿಳಿದು ಅದಾಗಲೇ ಏನಾದರೊಂದು ಮಾತ್ರೆ ನುಂಗಿರುತ್ತಾರೆ. ಟಾರ್ಚ್ ಹಿಡಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಮಂಜು ಕವಿದಂತಿರುತ್ತದೆ. ಪಾಪೆ ಅರ್ಧ ಅರಳಿ, ಬೆಳಕಿಗೆ ಕುಗ್ಗದೆ ನಿಂತಿರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಕಣ್ಣಿನ ಒತ್ತಡ ಆಗ 50ನ್ನೂ ದಾಟಿರಬಹುದು. ಇದು ಕಣ್ಣಿನೊಳಗಿನ ನೀರು (ಕಣ್ಣೀರಲ್ಲ) ಹೊರಹೋಗುವ ಕೋನ ಹಠಾತ್ತನೆ ಮುಚ್ಚಿಕೊಂಡು ಬಂದ ಗ್ಲಾಕೋಮಾ, ಅಂದರೆ ಕಣ್ಣಿನ ನರಕ್ಕೆ ಹಾನಿ ಮಾಡುವ ರೋಗ. ಇಂಥ ಹೊತ್ತಿನಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವ ಔಷಧಗಳಲ್ಲಿ ಒಂದು ಅಸೆಟಜೋಲಮೈಡ್. ಔಷಧದಂಗಡಿಯಲ್ಲಿ ಡೈಮಾಕ್ಸ್ ಎಂದರೆ ಬೇಗ ಗೊತ್ತಾಗುತ್ತದೆ.

ಇಂಗಾಲದ ಡೈಆಕ್ಸೈಡ್ ಮತ್ತು ನೀರು ಕೂಡಿ ಬೈಕಾರ್ಬೊನೇಟ್ ಆಗುವ ಕ್ರಿಯೆಯನ್ನು ದೇಹದಲ್ಲಿ ಅತಿ ವೇಗವಾಗಿ ನಡೆಸುವ ಕಿಣ್ವವೇ ಕಾರ್ಬಾನಿಕ್ ಅನ್‌ಹೈಡ್ರೇಸ್. ಕಣ್ಣಿನೊಳಗಿನ ಸಿಲಿಯರಿ ಬಾಡಿ ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್ ನೀರು ಸ್ರವಿಸಲು ಈ ಬೈಕಾರ್ಬೊನೇಟ್ ಬೇಕು. ಅಸೆಟಜೋಲಮೈಡ್ ಆ ಕಿಣ್ವದ ನಡುವಿನ ಸತುವಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ತೊಟ್ಟಿಯ ತೂಬು ಕಟ್ಟಿಕೊಂಡಾಗ ಮೇಲಿನ ನಲ್ಲಿಯನ್ನು ತಿರುಗಿಸಿ ಬಿಗಿಮಾಡಿದಂತೆ, ಒಳಬರುವ ನೀರು ಕಡಿಮೆಯಾಗುತ್ತದೆ. ಕಿಣ್ವದ ಬಹುಪಾಲು, ಅಂದರೆ ಶೇಕಡಾ 99ರಷ್ಟು, ನಿಂತಾಗ ಮಾತ್ರ ಸ್ರಾವ ತಗ್ಗುವುದರಿಂದ, ಸಾಮಾನ್ಯ 250 ಮಿಲಿಗ್ರಾಂ ಮಾತ್ರೆಯನ್ನು ಆರು ಗಂಟೆಗೊಮ್ಮೆ ತಪ್ಪದೆ ತೆಗೆದುಕೊಳ್ಳಬೇಕೆಂದು ಮನೆಯವರಿಗೂ ಒತ್ತಿ ಹೇಳುತ್ತೇನೆ. ವಾಂತಿ ನಿಲ್ಲದವರಿಗೆ ಮಾತ್ರೆಯನ್ನು ನಂಬಿ ಕೂರುವಂತಿಲ್ಲ. ಹೃದಯ ಮತ್ತು ಮೂತ್ರಪಿಂಡದ ಸ್ಥಿತಿ ನೋಡಿಕೊಂಡು ಕಣ್ಣಿನೊಳಗಿನ ನೀರನ್ನು ರಕ್ತಕ್ಕೆ ಸೆಳೆದುಕೊಳ್ಳುವ ಮ್ಯಾನಿಟಾಲ್ ಡ್ರಿಪ್ ಹಾಕುತ್ತೇನೆ. ಒತ್ತಡ ಇಳಿದು ಕಾರ್ನಿಯಾ ತಿಳಿಯಾದ ಮೇಲೆ ಲೇಸರ್‌ನಿಂದ ಐರಿಸ್‌ನಲ್ಲಿ (ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ) ಸಣ್ಣ ರಂಧ್ರ ಮಾಡುವುದೇ ಮುಖ್ಯ ಚಿಕಿತ್ಸೆ. ಅಲ್ಲಿಯವರೆಗೆ ಕಣ್ಣಿನ ನರವನ್ನು ಉಳಿಸಿಕೊಳ್ಳಲು ಈ ಔಷಧಗಳು ನೆರವಾಗುತ್ತವೆ.

ಈ ಕಿಣ್ವ ಕಣ್ಣಿನಲ್ಲಷ್ಟೇ ಅಲ್ಲ, ಮೂತ್ರಪಿಂಡ, ರಕ್ತಕಣ, ಮಿದುಳುಗಳಲ್ಲೂ ಇರುವುದರಿಂದ ಚೀಟಿ ಬರೆಯುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಮೂತ್ರಪಿಂಡ ದುರ್ಬಲವೇ, ಕಲ್ಲು ಆಗಿತ್ತೇ, ಸಲ್ಫಾ ಔಷಧದಿಂದ ಮೈಮೇಲೆ ಗುಳ್ಳೆ ಎದ್ದಿತ್ತೇ ಎಂದು ವಿಚಾರಿಸುತ್ತೇನೆ. ಯಕೃತ್ತಿನ ಸಿರೋಸಿಸ್ ಇರುವವರಿಗೆ ಕೊಡುವುದೇ ಇಲ್ಲ, ಏಕೆಂದರೆ ರಕ್ತದಲ್ಲಿ ಅಮೋನಿಯಾ ಏರಿ ಪ್ರಜ್ಞೆ ತಪ್ಪುವ ಅಪಾಯವಿದೆ. ಹಲವು ದಿನ ಮುಂದುವರಿಸಬೇಕಾದಾಗ ಪೊಟ್ಯಾಸಿಯಂ ಪರೀಕ್ಷೆ ಮಾಡಿಸುತ್ತೇನೆ. ಇಷ್ಟಾದರೂ ಮರುದಿನ "ಡಾಕ್ಟ್ರೇ, ಬೆರಳ ತುದಿಯೆಲ್ಲ ಜುಮುಜುಮು ಅಂತದೆ, ಲಕ್ವ ಹೊಡೆಯುತ್ತಾ?" ಎಂದು ಗಾಬರಿಯಿಂದ ಕೇಳುವವರುಂಟು. ಬೆರಳು ಜೋಮು ಹಿಡಿಯುತ್ತದೆ, ಬಾಯಿ ಲೋಹದ ರುಚಿಯಾಗುತ್ತದೆ, ಸೋಡಾ ಸಪ್ಪೆಯೆನಿಸುತ್ತದೆ ಎಂದು ಮೊದಲೇ ತಿಳಿಸಿದರೆ ಅವರು ಹೆದರಿ ಮಾತ್ರೆ ಬಿಡುವುದಿಲ್ಲ. ನನ್ನ ಮಟ್ಟಿಗೆ ಆ ಎರಡು ನಿಮಿಷದ ಮಾತು ಮಾತ್ರೆಯಷ್ಟೇ ಮುಖ್ಯ.

ಲಡಾಖ್‌ಗೋ ಮಾನಸ ಸರೋವರಕ್ಕೋ ಹೊರಟವರೂ ಎತ್ತರದ ಕಾಯಿಲೆ ಬಾರದಿರಲೆಂದು ಇದೇ ಮಾತ್ರೆ ಕೇಳಿಕೊಂಡು ಬರುತ್ತಾರೆ. ಮೂತ್ರದಲ್ಲಿ ಬೈಕಾರ್ಬೊನೇಟ್ ಹೊರಹೋಗಿ ರಕ್ತ ಕೊಂಚ ಆಮ್ಲೀಯವಾಗುವುದು ಕಣ್ಣಿನ ರೋಗಿಗೆ ಅಡ್ಡಪರಿಣಾಮ. ಎತ್ತರ ಏರುವವರಿಗೆ ಅದೇ ಪ್ರಯೋಜನ, ಏಕೆಂದರೆ ಆ ಆಮ್ಲೀಯತೆಯೇ ಉಸಿರಾಟವನ್ನು ಹೆಚ್ಚಿಸುತ್ತದೆ. ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂ ದಿನಕ್ಕೆರಡು ಬಾರಿ ಎಂಬುದು ರೂಢಿ. ಆದರೂ ನಿಧಾನವಾಗಿ ಏರುವುದಕ್ಕೆ ಅದು ಬದಲಿಯಲ್ಲ.

ವರ್ಷಗಟ್ಟಲೆ ಚಿಕಿತ್ಸೆ ಬೇಕಾದ ಗ್ಲಾಕೋಮಾ ರೋಗಿಗಳನ್ನು ಈ ಮಾತ್ರೆಯ ಮೇಲೆ ಇರಿಸಲು ನನಗೆ ಮನಸ್ಸು ಬರುವುದಿಲ್ಲ. ಈ ಗುಂಪಿನ ಔಷಧವೇ ಬೇಕೆಂದಾಗ ಡಾರ್ಜೋಲಮೈಡ್ ಅಥವಾ ಬ್ರಿಂಜೋಲಮೈಡ್ ಹನಿ ಬರೆಯುತ್ತೇನೆ. ಹನಿ ಗಂಟಲಿಗಿಳಿದರೆ ಕಹಿಯಾಗುತ್ತದೆ. ಹಾಕಿದೊಡನೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಕಹಿಯೂ ಕಡಿಮೆ, ರಕ್ತಕ್ಕೆ ಸೇರುವ ಔಷಧವೂ ಕಡಿಮೆ.